ದ್ವೀಪದಲ್ಲಿ ನಿಮ್ಮ ಓಟು ಯಾರಿಗೆ? ರಾಲ್ಫ್, ಜ್ಯಾಕ್, ಪಿಗ್ಗಿ, ಸೈಮನ್ ಹೋಲಿಕೆ

ವಿಲಿಯಂ ಗೋಲ್ಡಿಂಗ್ ಬರೆದ ‘ಲಾರ್ಡ್ ಆಫ್ ದ ಫ್ಲೈಸ್’ ಕಾದಂಬರಿಯನ್ನು ಹೈಸ್ಕೂಲ್ ಮಕ್ಕಳ ಜೊತೆ ಕೂತು ಓದುವಾಗ ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಮೊದಲ ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿಸಿ ಓಟು ಹಾಕಿಸುತ್ತೇನೆ. ಸುತ್ತ ಸಮುದ್ರ. ವಿಮಾನ ಬಿದ್ದು ಅಲ್ಲಿ ಸಿಕ್ಕಿಕೊಂಡ ಹುಡುಗರು. ದೊಡ್ಡವರು ಒಬ್ಬರೂ ಇಲ್ಲ. ನಿಮ್ಮ ನಾಯಕ ಯಾರು? ಚೀಟಿಯಲ್ಲಿ ಬರೆದು ಮಡಚಿ ಕೊಡಿ. ಪುಸ್ತಕ ಪೂರ್ತಿ ಮುಗಿದ ಮೇಲೆ ಅದೇ ಪ್ರಶ್ನೆ, ಇನ್ನೊಂದು ಚೀಟಿ. ಮೊದಲ ಸಲ ಪಟಪಟ ಬರೆದು ಕೊಟ್ಟವರೇ ಎರಡನೇ ಸಲ ಪೆನ್ನು ಬಾಯಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂರುತ್ತಾರೆ.

ಈ ಬರಹ ಆ ಎರಡನೇ ಚೀಟಿ ಬರೆಯುವವರಿಗೆ. ನೀವು ಪರೀಕ್ಷೆಗೆ ಓದುತ್ತಿರಬಹುದು. ಓದುಗರ ಬಳಗದಲ್ಲಿ ಚರ್ಚೆ ಇರಬಹುದು. ಅಥವಾ ನೀವೇ ಇಂಥ ಒಂದು ಕಥೆ ಬರೆಯಲು ಕೂತಿರಬಹುದು. ಕಥೆಯ ಕೊನೆಯ ಪುಟದವರೆಗೂ ಹೋಗುತ್ತೇನೆ. ಇನ್ನೂ ಓದಿಲ್ಲದವರು ಮೊದಲು ಓದಿ ಬನ್ನಿ. ಪುಸ್ತಕ ದೊಡ್ಡದೇನಲ್ಲ, 12 ಅಧ್ಯಾಯ ಅಷ್ಟೇ.

ಬರೆದವರ ಬಗ್ಗೆ ಎರಡು ಮಾತು ಗೊತ್ತಿದ್ದರೆ ಸಾಕು. ಕಾದಂಬರಿ ಬಂದದ್ದು 1954ರಲ್ಲಿ. ಆಗ ಗೋಲ್ಡಿಂಗ್ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಹುಡುಗರ ಶಾಲೆಯೊಂದರ ಮೇಷ್ಟ್ರು. ಅದಕ್ಕೂ ಮೊದಲು ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರು, 1944ರ ನಾರ್ಮಂಡಿ ದಾಳಿಯಲ್ಲೂ ಇದ್ದರು. ಕ್ಲಾಸಿನ ಹುಡುಗರನ್ನೂ ಯುದ್ಧವನ್ನೂ ಹತ್ತಿರದಿಂದ ನೋಡಿದ ಮನುಷ್ಯ. ಅದಕ್ಕೇ ಈ ಪುಸ್ತಕದಲ್ಲಿ ಹುಡುಗರ ಜಗಳ ಇಷ್ಟು ನಿಜ ಅನ್ನಿಸುತ್ತದೆ.

ಯಾವುದರಿಂದ ಅಳೆಯೋದು?

ನಾಯಕ ಅಂದ ಕೂಡಲೇ ನಮಗೆ ಎತ್ತರದ ಹುಡುಗ, ಗಟ್ಟಿ ದನಿ, ಕೈಯಲ್ಲಿ ಪೀಪಿ ನೆನಪಾಗುತ್ತದೆ. ನನಗೆ ಆ ಚಿತ್ರ ಅಳಿಸಿ ಹೋದದ್ದು ಏಳನೇ ಕ್ಲಾಸಿನ ಟೂರಿನಲ್ಲಿ. ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಎಲ್ಲರೂ ಬಸ್ಸು ಹತ್ತಿದೆವು. ಲೀಡರ್ ಹುಡುಗ ಬಾಗಿಲಲ್ಲಿ ನಿಂತು ಸೀಟಿ ಊದಿದ. ಬಸ್ಸು ಹೊರಟಿತು. ಹಾಡು, ಅಂತ್ಯಾಕ್ಷರಿ, ಗಲಾಟೆ. ನಾಲ್ಕೈದು ತಿರುವು ದಾಟಿದ ಮೇಲೆ ಹಿಂದಿನ ಸೀಟಿನಿಂದ ಒಬ್ಬಳು ಎದ್ದು ಬಂದಳು. ಯಾವತ್ತೂ ಜಾಸ್ತಿ ಮಾತಾಡದ ಹುಡುಗಿ. ಮೇಷ್ಟ್ರ ಹತ್ತಿರ ಹೋಗಿ, ‘ಸಾರ್, ನಮ್ಮ ಮುಂದಿನ ಸೀಟು ಖಾಲಿ ಇದೆ’ ಅಂದಳು. ಬಸ್ಸು ತಿರುಗಿಸಿ ಹೋದರೆ ನಮ್ಮ ಜೊತೆಯ ಒಬ್ಬ ಪುಟ್ಟ ಹುಡುಗ ಕತ್ತಲಲ್ಲಿ ಮೋರಿ ಕಟ್ಟೆಯ ಮೇಲೆ ಕೂತಿದ್ದ. ಸ್ಟೀಲ್ ಡಬ್ಬಿ ತೊಡೆ ಮೇಲೆ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದ. ಅಲ್ಲಿ ಅಳಲಿಲ್ಲ. ಬಸ್ಸಿನೊಳಗೆ ತನ್ನ ಸೀಟಿನಲ್ಲಿ ಕೂತ ಮೇಲೆ ಅಳಲು ಶುರು ಮಾಡಿದ.

ಅವತ್ತಿನಿಂದ ನನ್ನ ಅಳತೆಗೋಲು ಒಂದೇ. ತಲೆ ಎಣಿಸುವವರು ಯಾರು? ನಮ್ಮ ಕರಾವಳಿಯ ಮಾತಿನಲ್ಲಿ ‘ಎಣಿಸು’ ಅಂದರೆ ಲೆಕ್ಕ ಹಾಕು ಅಂತಲೂ ಹೌದು, ಯೋಚಿಸು ಅಂತಲೂ ಹೌದು. ‘ನಿನ್ನನ್ನೇ ಎಣಿಸ್ತಾ ಇದ್ದೆ’ ಅಂದರೆ ನಿನ್ನ ಬಗ್ಗೆಯೇ ಯೋಚನೆ ಮಾಡ್ತಾ ಇದ್ದೆ ಅಂತ. ದ್ವೀಪದ ನಾಯಕನಿಗೆ ಬೇಕಾದದ್ದು ಈ ಎರಡೂ ಅರ್ಥದ ಎಣಿಕೆ.

ಇದರ ಜೊತೆ ಇನ್ನೂ ಮೂರು ವಿಷಯ ನೋಡುತ್ತೇನೆ. ಎಲ್ಲರೂ ಬಿಟ್ಟು ಹೋದ ಕೆಲಸವನ್ನು ಯಾರು ಎತ್ತಿಕೊಳ್ಳುತ್ತಾರೆ? ಗುಂಪಿಗೆ ಹೆದರಿಕೆ ಹತ್ತಿದಾಗ ನಾಯಕ ಅದನ್ನು ಇಳಿಸುತ್ತಾನೋ, ಬಂಡವಾಳ ಮಾಡಿಕೊಳ್ಳುತ್ತಾನೋ? ತಪ್ಪು ಮಾಡಿದಾಗ ಅದನ್ನು ತಪ್ಪು ಅಂತಲೇ ಕರೆಯುತ್ತಾನಾ?

ರಾಲ್ಫ್: ಶಂಖ ಊದಿದವನು

ರಾಲ್ಫ್‌ಗೆ ಹನ್ನೆರಡು ವರ್ಷ ಚಿಲ್ಲರೆ. ನೋಡಲು ಚೆನ್ನಾಗಿದ್ದಾನೆ. ಅಪ್ಪ ನೌಕಾಪಡೆಯಲ್ಲಿ ಅಧಿಕಾರಿ. ಅವನು ಗೆದ್ದದ್ದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡಿ. ಅಲ್ಲಿಯವರೆಗೆ ಬುದ್ಧಿಯ ಮಾತು ಆಡಿದವನು ಪಿಗ್ಗಿ. ಮುಂದಾಳುತನದ ಅಭ್ಯಾಸ ಇದ್ದವನು ಜ್ಯಾಕ್. ಹುಡುಗರು ಕೈ ಎತ್ತಿದ್ದು ಮಾತ್ರ ರಾಲ್ಫ್‌ಗೆ. ಕಾರಣ ಅವನ ಮೈಕಟ್ಟು, ಅವನ ಮುಖ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಕೈಯಲ್ಲಿದ್ದ ಶಂಖ. ಆ ಚಿಪ್ಪು ಏನು ಅಂತ ಗುರುತಿಸಿ, ಊದುವುದು ಹೇಗೆ ಅಂತ ಹೇಳಿಕೊಟ್ಟವನು ಪಿಗ್ಗಿ. ಸದ್ದು ಬಂದದ್ದು ರಾಲ್ಫ್ ಬಾಯಿಂದ. ಊರಿನ ಕಣ್ಣಿಗೆ ಊದಿದವನೇ ಕಾಣುವುದು, ಅಲ್ವಾ?

ಆದರೂ ರಾಲ್ಫ್‌ನನ್ನು ಸುಮ್ನೆ ಚೆಂದದ ಮುಖ ಅಂತ ತಳ್ಳಿ ಹಾಕಬೇಡಿ. ಅವನಿಗೆ ಎರಡು ವಿಷಯ ಬಿಡದೆ ನೆನಪಿರುತ್ತದೆ. ಹೊಗೆ ಏಳುತ್ತಿರಬೇಕು, ಹಡಗಿಗೆ ಕಾಣಬೇಕು. ತಲೆ ಮೇಲೆ ಸೂರು ಬೇಕು, ಯಾಕೆಂದರೆ ಪುಟಾಣಿಗಳು ರಾತ್ರಿ ಬೆಚ್ಚಿ ಬೀಳುತ್ತಿದ್ದಾರೆ. ಮೊದಲ ಗುಡಿಸಲು ಕಟ್ಟುವಾಗ ಎಲ್ಲರೂ ಸೇರಿದರು. ಎರಡನೆಯದಕ್ಕೆ ಉಳಿದವರು ಕೆಲವರೇ. ಮೂರನೆಯದನ್ನು ಕಟ್ಟಿದ್ದು ರಾಲ್ಫ್ ಮತ್ತು ಸೈಮನ್ ಇಬ್ಬರೇ. ಅದೂ ವಾಲಾಡುತ್ತಿತ್ತು. ಉಳಿದವರು ಈಜಲು, ಹಣ್ಣು ತಿನ್ನಲು, ಬೇಟೆಗೆ ಹೋಗಿದ್ದರು. ಓಟು ಹಾಕಿದ ಕೈಗಳೆಲ್ಲ ಗುಡಿಸಲು ಕಟ್ಟುವಾಗ ಬರುವುದಿಲ್ಲ. ಮನೆಯಲ್ಲಿ ಗೃಹಪ್ರವೇಶದ ಊಟಕ್ಕೆ ಬಂದವರನ್ನೂ ಬುನಾದಿ ತೋಡಲು ಬಂದವರನ್ನೂ ಹೋಲಿಸಿ ನೋಡಿದ ಯಾರಿಗೂ ಇದು ಗೊತ್ತು.

ದ್ವೀಪದಲ್ಲಿ ಒಂದು ಮೃಗ ಇದೆ ಅಂತ ಹುಡುಗರಿಗೆಲ್ಲ ಭಯ. ಬಂಡೆಕೋಟೆಯಂಥ ಜಾಗಕ್ಕೆ ಅದನ್ನು ಹುಡುಕಲು ಹೋದಾಗ ಎಲ್ಲರ ಕಾಲೂ ನಡುಗುತ್ತದೆ. ರಾಲ್ಫ್‌ನದೂ ನಡುಗುತ್ತದೆ. ಆದರೂ ನಾಯಕ ನಾನು, ನಾನೇ ಹೋಗುತ್ತೇನೆ ಅಂತ ಒಬ್ಬನೇ ಮುಂದೆ ನಡೆಯುತ್ತಾನೆ. ಕುಣಿಯುತ್ತಿದ್ದ ಹುಡುಗರ ಕೈಯಲ್ಲಿ ಸೈಮನ್ ಸತ್ತ ಮರುದಿನ ಅದನ್ನು ಕೊಲೆ ಅಂತ ಬಾಯಿಬಿಟ್ಟು ಹೇಳುವವನೂ ಅವನೇ. ತಾನೂ ಆ ಕುಣಿತದಲ್ಲಿದ್ದೆ ಅಂತ ಗೊತ್ತಿದ್ದೇ ಹೇಳುತ್ತಾನೆ. ಇದು ದೊಡ್ಡ ಗುಣ.

ಹಾಗಾದರೆ ಸೋತದ್ದೆಲ್ಲಿ?

ಮೊದಲ ತಪ್ಪು ಮೊದಲ ದಿನವೇ ಆಯಿತು. ಓಟಿನಲ್ಲಿ ಸೋತ ಜ್ಯಾಕ್‌ನ ಮುಖ ಕೆಂಪಾಯಿತು. ಅವನನ್ನು ಸಮಾಧಾನ ಮಾಡಲು ರಾಲ್ಫ್ ಅವನ ಜೊತೆ ಬಂದ ಹಾಡುಗಾರ ಹುಡುಗರ ಗುಂಪನ್ನು ಪೂರ್ತಿ ಅವನ ಕೈಗೇ ಕೊಟ್ಟುಬಿಟ್ಟ. ಅವರು ಬೇಟೆಗಾರರಾದರು. ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸವೇ. ಆದರೆ ಒಂದು ದ್ವೀಪದಲ್ಲಿ ಎರಡು ಪಡೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಎರಡನೆಯದು ನನಗೆ ಇನ್ನೂ ನೋವು ಕೊಡುತ್ತದೆ. ಪಿಗ್ಗಿ ತನ್ನ ಅಡ್ಡಹೆಸರನ್ನು ಯಾರಿಗೂ ಹೇಳಬೇಡ ಅಂತ ರಾಲ್ಫ್‌ನನ್ನು ಬೇಡಿಕೊಂಡಿರುತ್ತಾನೆ. ರಾಲ್ಫ್ ಎಲ್ಲರೆದುರು ಅದನ್ನೇ ಕೂಗಿ ಹೇಳುತ್ತಾನೆ. ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಪಿಗ್ಗಿಗೆ ಬೇಜಾರಾಗಿದ್ದು ಕಂಡು ಒಂದು ಕೆಲಸ ಕೊಡುತ್ತಾನೆ: ಹೋಗು, ಎಲ್ಲರ ಹೆಸರು ಬರೆದುಕೋ. ದ್ವೀಪದ ಅತಿ ಮುಖ್ಯ ಕೆಲಸ ಅದು. ರಾಲ್ಫ್ ಅದನ್ನು ಕೊಟ್ಟದ್ದು ಮಾತ್ರ ಅಳುವ ಮಗುವಿಗೆ ಬೆಲ್ಲ ಕೊಟ್ಟ ಹಾಗೆ. ಮತ್ತೆ ಅದರ ಬಗ್ಗೆ ಕೇಳಲೇ ಇಲ್ಲ.

ಮೂರನೆಯದು, ಅವನ ತಲೆಯೊಳಗೆ ಆಗಾಗ ಒಂದು ಪರದೆ ಇಳಿಯುತ್ತದೆ. ಬೆಂಕಿ ಯಾಕೆ ಬೇಕು ಅನ್ನುವುದೇ ಮಾತಿನ ನಡುವೆ ಮರೆತುಹೋಗುತ್ತದೆ. ಪಿಗ್ಗಿ ಪಕ್ಕದಲ್ಲಿ ನಿಂತು ನೆನಪಿಸಬೇಕು. ಐದನೇ ಅಧ್ಯಾಯದ ಸಭೆ ಚದುರಿ ಹೋದಾಗ ಪಿಗ್ಗಿ ಶಂಖ ಊದು ಅನ್ನುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿಯೂ ಯಾರೂ ಬರದಿದ್ದರೆ ಎಲ್ಲ ಮುಗಿದೇಹೋಯಿತು ಅನ್ನುವ ಭಯ ಅವನಿಗೆ. ಅಧಿಕಾರ ಕೈಯಲ್ಲಿದ್ದವರ ಒಳಗಿನ ದಿಗಿಲನ್ನು ಇಷ್ಟು ಚಿಕ್ಕ ಜಾಗದಲ್ಲಿ ತೋರಿಸಿದ್ದನ್ನು ನಾನು ಬೇರೆ ಕಡೆ ಓದಿಲ್ಲ.

ಜ್ಯಾಕ್: ಮಾಂಸ ತಂದವನು

ಜ್ಯಾಕ್‌ನನ್ನು ಬರೀ ಕೇಡಿಗ ಅಂತ ಬರೆದರೆ ನಿಮ್ಮ ಉತ್ತರಕ್ಕೆ ಅರ್ಧ ಅಂಕ. ಹುಡುಗರು ಅವನ ಹಿಂದೆ ಹೋದದ್ದು ಯಾಕೆ ಅಂತ ಅರ್ಥ ಮಾಡಿಕೊಳ್ಳಬೇಕು.

ಅವನು ಶಿಸ್ತಿನ ಹುಡುಗ. ಕರಿ ನಿಲುವಂಗಿ ತೊಟ್ಟ ಹುಡುಗರನ್ನು ಬಿಸಿಲಲ್ಲಿ ಎರಡು ಸಾಲು ಮಾಡಿ ನಡೆಸಿಕೊಂಡು ಬರುತ್ತಾನೆ. ಮೊದಲ ಸಲ ಹಂದಿಮರಿ ಬಳ್ಳಿಯಲ್ಲಿ ಸಿಕ್ಕಿಕೊಂಡಾಗ ಚಾಕು ಎತ್ತುತ್ತಾನೆ, ಇಳಿಸಲಾಗುವುದಿಲ್ಲ. ಜೀವ ಇರುವ ಮೈಗೆ ಚಾಕು ಇಳಿಯುವುದನ್ನು ನೆನೆದು ಕೈ ನಿಂತುಬಿಡುತ್ತದೆ. ಆಗಿನ್ನೂ ಅವನು ನಮ್ಮ ನಿಮ್ಮ ಮನೆಯ ಹುಡುಗನೇ. ಆಮೇಲೆ ಅವನು ಹಟಕ್ಕೆ ಬಿದ್ದು ಬೇಟೆ ಕಲಿಯುತ್ತಾನೆ. ಹೆಜ್ಜೆ ಗುರುತು ನೋಡುತ್ತಾನೆ, ಗಾಳಿ ನೋಡುತ್ತಾನೆ, ಒಂಟಿಯಾಗಿ ಗಂಟೆಗಟ್ಟಲೆ ಕಾಡಲ್ಲಿ ತೆವಳುತ್ತಾನೆ. ಹಣ್ಣು ತಿಂದು ತಿಂದು ಹೊಟ್ಟೆ ಕೆಟ್ಟ ಹುಡುಗರಿಗೆ ಸುಟ್ಟ ಮಾಂಸ ಕೊಡುತ್ತಾನೆ. ರಾಲ್ಫ್ ಕೊಡುವುದು ಎಂದೋ ಬರುವ ಹಡಗಿನ ಮಾತು. ಜ್ಯಾಕ್ ಕೊಡುವುದು ಈಗಲೇ ಬಾಯಿಗೆ ಬೀಳುವ ತುತ್ತು. ಹಸಿದ ಹತ್ತು ವರ್ಷದ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ, ನೀವೇ ಹೇಳಿ.

ಆದರೆ ತುತ್ತಿಗೆ ಬೆಲೆ ಇದೆ. ಮುಖಕ್ಕೆ ಕೆಂಪು ಮಣ್ಣು, ಬಿಳಿ ಮಣ್ಣು, ಇದ್ದಿಲು ಬಳಿದುಕೊಂಡು ತೆಂಗಿನ ಚಿಪ್ಪಿನ ನೀರಲ್ಲಿ ತನ್ನನ್ನೇ ನೋಡಿಕೊಳ್ಳುವ ದೃಶ್ಯ ನೆನಪಿದೆಯಾ? ಅಲ್ಲಿ ಕಾಣುವವನು ಅಪರಿಚಿತ. ಆ ಅಪರಿಚಿತನಿಗೆ ನಾಚಿಕೆ ಇಲ್ಲ. ಅದೇ ದಿನ ಬೆಂಕಿ ಕಾಯಬೇಕಿದ್ದ ಅವಳಿ ಹುಡುಗರನ್ನು ಬೇಟೆಗೆ ಕರೆದುಕೊಂಡು ಹೋಗುತ್ತಾನೆ. ಬೆಂಕಿ ಆರುತ್ತದೆ. ದೂರದಲ್ಲಿ ಹಡಗೊಂದು ಹಾದುಹೋಗುತ್ತದೆ. ಪ್ರಶ್ನೆ ಮಾಡಿದ ಪಿಗ್ಗಿಗೆ ಏಟು, ಕನ್ನಡಕದ ಒಂದು ಗಾಜು ಪುಡಿ. ಆಮೇಲೆ ಜ್ಯಾಕ್ ಕ್ಷಮೆ ಕೇಳುತ್ತಾನೆ. ಬೆಂಕಿ ಆರಿದ್ದಕ್ಕೆ ಮಾತ್ರ, ಗಾಜು ಒಡೆದದ್ದಕ್ಕಲ್ಲ. ಹುಡುಗರಿಗೆ ಅದೇ ದೊಡ್ಡಸ್ತಿಕೆ ಅನ್ನಿಸುತ್ತದೆ. ತಪ್ಪನ್ನು ಅರ್ಧ ಒಪ್ಪಿಕೊಂಡು ಪೂರ್ತಿ ಚಪ್ಪಾಳೆ ಗಿಟ್ಟಿಸುವ ಚಾಳಿ ಎಲ್ಲೆಲ್ಲೂ ಇದೆ, ಇದನ್ನು ಮಕ್ಕಳಿಗೆ ಬಿಡಿಸಿ ತೋರಿಸಲೇಬೇಕು.

ಹೆದರಿಕೆಯ ವಿಷಯದಲ್ಲಿ ಜ್ಯಾಕ್ ಇನ್ನೂ ಅಪಾಯ. ಮೃಗದ ಭಯ ಹೋಗಿಬಿಟ್ಟರೆ ಅವನಿಗೆ ಕೆಲಸವೇ ಇಲ್ಲ. ಅದಕ್ಕೇ ಸೈಮನ್ ಸತ್ತ ಮೇಲೂ, ಮೃಗ ವೇಷ ಹಾಕಿಕೊಂಡು ಬಂದಿತ್ತು, ಅದಕ್ಕೆ ಸಾವಿಲ್ಲ, ಮತ್ತೆ ಬರಬಹುದು ಅಂತ ನಂಬಿಸುತ್ತಾನೆ. ವಿಲ್‌ಫ್ರೆಡ್ ಅನ್ನುವ ಹುಡುಗನನ್ನು ಕಟ್ಟಿಹಾಕಿ ಹೊಡೆಸುತ್ತಾನೆ. ಯಾಕೆ ಅಂತ ಹೊಡೆದವರಿಗೂ ಗೊತ್ತಿಲ್ಲ. ಮರಿಗಳಿಗೆ ಹಾಲೂಡುತ್ತಿದ್ದ ತಾಯಿಹಂದಿಯನ್ನು ಅಟ್ಟಾಡಿಸಿ ಕೊಲ್ಲುತ್ತಾರೆ. ಹಳ್ಳಿಯಲ್ಲಿ ದನ ಕುರಿ ಕಂಡವರಿಗೆ ಇದು ಎಂಥ ಕೆಲಸ ಅಂತ ಬೇರೆ ಹೇಳಬೇಕಾಗಿಲ್ಲ. ಕೊನೆಗೆ ರಾಲ್ಫ್ ಒಬ್ಬನನ್ನು ಹಿಡಿಯಲು ದ್ವೀಪಕ್ಕೇ ಬೆಂಕಿ ಇಡುತ್ತಾರೆ. ಪೊದೆಯಲ್ಲಿ ಅಡಗಿ ಓಡುತ್ತಿರುವ ರಾಲ್ಫ್‌ಗೆ ಆಗಲೂ ಹೊಳೆಯುವುದು ಹಣ್ಣಿನ ಮರಗಳ ಚಿಂತೆ. ಅವೂ ಸುಟ್ಟರೆ ಇವರು ನಾಳೆ ತಿನ್ನುವುದೇನು? ಬೆನ್ನಟ್ಟಿ ಬಂದವರ ನಾಳೆಯ ಊಟದ ಬಗ್ಗೆ ಯೋಚಿಸುವವನು, ಮತ್ತು ತನ್ನವರ ಊಟಕ್ಕೇ ಬೆಂಕಿ ಇಟ್ಟವನು. ಇವರಿಬ್ಬರ ಹೋಲಿಕೆಗೆ ನನಗೆ ಈ ಒಂದು ಸಾಲು ಸಾಕು.

ಪಿಗ್ಗಿ: ಹೆಸರು ಕೇಳಿದವನು

ಪಿಗ್ಗಿಗೆ ಉಬ್ಬಸ. ದಪ್ಪ ಕನ್ನಡಕ, ದಪ್ಪ ಮೈ. ಚಿಕ್ಕಮ್ಮನ ಮನೆಯಲ್ಲಿ ಬೆಳೆದವನು, ಅವಳದೊಂದು ಮಿಠಾಯಿ ಅಂಗಡಿ. ಅವನ ನಿಜವಾದ ಹೆಸರು ಏನು ಅಂತ ಇಡೀ ಕಾದಂಬರಿಯಲ್ಲಿ ನಮಗೆ ತಿಳಿಯುವುದೇ ಇಲ್ಲ. ಯಾರೂ ಕೇಳುವುದಿಲ್ಲ. ಅವನು ಮಾತ್ರ ಎಲ್ಲರ ಹೆಸರು ಕೇಳುತ್ತಾನೆ.

ಮೊದಲ ಅಧ್ಯಾಯದಲ್ಲಿ ಶಂಖದ ಸದ್ದಿಗೆ ಹುಡುಗರು ಒಬ್ಬೊಬ್ಬರೇ ಕಾಡಿನಿಂದ ಹೊರಗೆ ಬರುತ್ತಾರೆ. ರಾಲ್ಫ್ ಊದುತ್ತಲೇ ಇದ್ದಾನೆ. ಪಿಗ್ಗಿ ಅವರ ನಡುವೆ ಓಡಾಡುತ್ತಾ, ಬಗ್ಗಿ, ಹೆಸರು ಕೇಳುತ್ತಾ, ನೆನಪಿಟ್ಟುಕೊಳ್ಳಲು ಹುಬ್ಬು ಗಂಟಿಕ್ಕುತ್ತಾನೆ. ಸಂಜೆ ಕೊಟ್ಟಿಗೆಗೆ ದನ ಬರುವಾಗ ಒಂದೊಂದನ್ನೂ ಹೆಸರು ಹಿಡಿದು ಕರೆಯುವ ಗೋವಳನನ್ನು ನಾವು ಬಲ್ಲೆವು. ಬಾರದ ಹಸು ಯಾವುದು ಅಂತ ಅವನಿಗೆ ಗೊತ್ತಾಗುವುದು ಹಾಗೆಯೇ. ದ್ವೀಪದಲ್ಲಿ ಆ ಕೆಲಸಕ್ಕೆ ಕೈ ಹಾಕಿದವನು ಇವನೊಬ್ಬನೇ.

ಮತ್ತೆ ಮೊದಲ ಬೆಂಕಿ. ಎಲ್ಲರೂ ಹೋ ಅಂತ ಬೆಟ್ಟ ಹತ್ತಿ ಪಿಗ್ಗಿಯ ಕನ್ನಡಕ ಕಿತ್ತುಕೊಂಡು ಕಿಚ್ಚು ಹೊತ್ತಿಸುತ್ತಾರೆ. ಅದು ಕೈ ಮೀರಿ ಕಾಡಿಗೆ ಹಬ್ಬುತ್ತದೆ. ಆಗ ಪಿಗ್ಗಿ ಕೇಳುತ್ತಾನೆ, ಕೆನ್ನೆಯ ಮೇಲೆ ಮಚ್ಚೆ ಇದ್ದ ಆ ಪುಟ್ಟ ಹುಡುಗ ಎಲ್ಲಿ? ಹಾವಿನಂಥ ಮೃಗದ ಬಗ್ಗೆ ಮೊದಲು ಹೇಳಿದ ಮಗು ಅದು. ಯಾರೂ ಉತ್ತರ ಕೊಡುವುದಿಲ್ಲ. ಹೆಸರು ಯಾಕೆ ಬರೆದುಕೊಳ್ಳಲಿಲ್ಲ ಅಂತ ಕೇಳಿದರೆ ಪಿಗ್ಗಿಗೆ ಸಿಟ್ಟು. ಹುಳುಗಳ ಹಾಗೆ ಓಡಾಡುವ ಮಕ್ಕಳನ್ನು ಒಬ್ಬನೇ ಹೇಗೆ ಹಿಡಿಯಲಿ? ನಿಜವೇ. ಒಬ್ಬನಿಂದ ಆಗುವ ಕೆಲಸ ಅಲ್ಲ ಅದು.

ಹಾಗಾದರೆ ಓಟು ಪಿಗ್ಗಿಗೇ ಹಾಕಬಹುದಲ್ಲ? ನನ್ನ ಕ್ಲಾಸಿನಲ್ಲಿ ಎರಡನೇ ಚೀಟಿಯಲ್ಲಿ ಅವನ ಹೆಸರು ಜಾಸ್ತಿಯಾಗುವುದನ್ನು ಕಂಡಿದ್ದೇನೆ. ಮಕ್ಕಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ, ನನಗೂ ಹುಟ್ಟಿದೆ. ಆದರೂ ಯೋಚಿಸಿ. ಅವನು ಮಾತಾಡಿದರೆ ಹುಡುಗರು ಕೇಳುವುದಿಲ್ಲ. ಅದು ಅವರ ತಪ್ಪು, ಅವರ ಕ್ರೌರ್ಯ. ಆದರೆ ಅವನದೂ ಒಂದು ಕೊರತೆ ಇದೆ. ಯಾವಾಗಲೂ ಬೈಯುವ ದನಿ, ದೈಹಿಕ ಕೆಲಸ ಬಂದರೆ ಉಬ್ಬಸದ ನೆಪ. ಸೈಮನ್ ಸತ್ತದ್ದನ್ನು ಆಕಸ್ಮಿಕ ಅಂತ ಹೇಳಿ ಮನಸ್ಸು ತೊಳೆದುಕೊಳ್ಳಲು ನೋಡುತ್ತಾನೆ. ನನ್ನ ನಾಲ್ಕನೇ ಪ್ರಶ್ನೆಯಲ್ಲಿ ಅವನು ರಾಲ್ಫ್‌ಗಿಂತ ಹಿಂದೆ ಬೀಳುವುದು ಅಲ್ಲಿ.

ಆದರೆ ಜ್ಯಾಕ್‌ನ ಗುಂಪು ಬೇರೆಯಾಗಿ ಬೀಡುಬಿಟ್ಟ ಬಂಡೆಕೋಟೆಗೆ ಅವನು ಕೊನೆಯ ದಿನ ಹೋದ ರೀತಿ ಬೇರೆಯೇ. ಕಣ್ಣು ಕಾಣುವುದಿಲ್ಲ, ಕನ್ನಡಕವನ್ನು ಜ್ಯಾಕ್‌ನ ಕಡೆಯವರು ರಾತ್ರಿ ಕದ್ದಿದ್ದಾರೆ. ಬೇಡಿಕೊಳ್ಳಲು ಬರುವುದಿಲ್ಲ, ನ್ಯಾಯ ಅನ್ನುವುದಕ್ಕಾಗಿ ಕೇಳುತ್ತೇನೆ ಅಂತ ಶಂಖವನ್ನು ಎದೆಗೆ ಒತ್ತಿಕೊಂಡು ನಡೆಯುತ್ತಾನೆ. ಮೇಲಿನಿಂದ ಜ್ಯಾಕ್‌ನ ಕಡೆಯ ರೋಜರ್ ಬಂಡೆ ಉರುಳಿಸುತ್ತಾನೆ. ಪಿಗ್ಗಿಯೂ ಶಂಖವೂ ಒಟ್ಟಿಗೆ ಇಲ್ಲವಾಗುತ್ತವೆ.

ಸೈಮನ್: ಹಣ್ಣು ಕಿತ್ತುಕೊಟ್ಟವನು

ಸೈಮನ್ ಬಗ್ಗೆ ಜಾಸ್ತಿ ಬರೆಯಲು ನನಗೆ ಧೈರ್ಯವಿಲ್ಲ. ಅವನು ಹಾಗೆ ಮಾತಿಗೆ ಸಿಗುವ ಹುಡುಗ ಅಲ್ಲ. ಕೈಗೆ ಎಟುಕದ ಕೊಂಬೆಯ ಹಣ್ಣನ್ನು ಕಿತ್ತು ಪುಟಾಣಿಗಳ ಚಾಚಿದ ಕೈಗೆ ಕೊಡುತ್ತಾನೆ, ಆಮೇಲೆ ಸುಮ್ಮನೆ ಕಾಡೊಳಗೆ ಹೋಗುತ್ತಾನೆ. ಪಿಗ್ಗಿಗೆ ಮಾಂಸ ಸಿಗದಿದ್ದಾಗ ತನ್ನ ಪಾಲನ್ನು ಅವನ ಕಡೆ ತಳ್ಳುತ್ತಾನೆ. ಮೃಗ ಅಂದರೆ ನಾವೇ ಇರಬಹುದು ಅಂತ ಸಭೆಯಲ್ಲಿ ಹೇಳಲು ಹೋಗಿ ನಗೆಪಾಟಲಾಗುತ್ತಾನೆ. ಬೆಟ್ಟದ ಮೇಲಿರುವುದು ಮೃಗವಲ್ಲ, ಪ್ಯಾರಾಚೂಟಿಗೆ ಸಿಕ್ಕ ಸತ್ತ ಮನುಷ್ಯ ಅಂತ ಹೋಗಿ ನೋಡಿ ತಿಳಿದುಕೊಂಡವನು ಅವನೊಬ್ಬನೇ. ಸತ್ತವನ ಮೈಗೆ ಸುತ್ತಿದ ಹಗ್ಗವನ್ನು ಬಂಡೆಯಿಂದ ಬಿಡಿಸಿ, ಆ ಸುದ್ದಿ ಹೇಳಲು ತೆವಳುತ್ತಾ ಬಂದಾಗ ಕುಣಿಯುತ್ತಿದ್ದವರ ಕೈಯಲ್ಲಿ ಸತ್ತ.

ಹೆದರಿಕೆ ಇಳಿಸುವ ದಾರಿ ಅವನಿಗೆ ಗೊತ್ತಿತ್ತು. ಹತ್ತು ಜನರೆದುರು ಮಾತಾಡಲು ಬರುತ್ತಿರಲಿಲ್ಲ. ನಾಯಕನ ಪಕ್ಕ ಇಂಥವನೊಬ್ಬ ಇರಬೇಕು, ಮತ್ತು ಅವನು ಬಾಯಿ ತೆರೆದಾಗ ಉಳಿದವರು ನಗದಂತೆ ನಾಯಕ ನೋಡಿಕೊಳ್ಳಬೇಕು. ರಾಲ್ಫ್ ಅದನ್ನು ಮಾಡಲಿಲ್ಲ.

ಅವಳಿಗಳಾದ ಸ್ಯಾಮ್ ಮತ್ತು ಎರಿಕ್ ನಾಯಕತ್ವಕ್ಕೆ ನಿಲ್ಲುವವರಲ್ಲ. ಬೆಂಕಿ ಕಾಯ್ದವರು, ಕೊನೆಗೆ ಹಿಂಸೆ ತಾಳದೆ ರಾಲ್ಫ್ ಅಡಗಿದ ಜಾಗ ಹೇಳಿದವರು. ರೋಜರ್‌ನ ಹೆಸರು ಯಾರ ಚೀಟಿಯಲ್ಲೂ ಬರುವುದಿಲ್ಲ. ಆದರೆ ಜ್ಯಾಕ್‌ಗೆ ಓಟು ಹಾಕುವವರು ಅವನ ಜೊತೆ ರೋಜರ್‌ ಕೂಡ ಬರುತ್ತಾನೆ ಅಂತ ತಿಳಿದೇ ಹಾಕಬೇಕು.

ಬೇರೆ ದ್ವೀಪಗಳಲ್ಲಿ

ಇದೇ ಬಗೆಯ ಕಥೆಗೆ ಬೇರೆ ನಾಯಕರೂ ಇದ್ದಾರೆ. ಜೂಲ್ಸ್ ವರ್ನ್ 1888ರಲ್ಲಿ ‘ಎರಡು ವರ್ಷದ ರಜೆ’ ಅನ್ನುವ ಅರ್ಥದ ಹೆಸರಿನ ಫ್ರೆಂಚ್ ಕಾದಂಬರಿ ತಂದರು. ಅಲ್ಲಿ 15 ಹುಡುಗರು. ಮೊದಲ ವರ್ಷದ ನಾಯಕ ಗೋರ್ಡನ್ ಲೆಕ್ಕ ಪತ್ರದ ಹುಡುಗ, ಸಾಮಾನಿನ ಪಟ್ಟಿ, ದಿನಚರಿ ಎಲ್ಲ ಇಡುತ್ತಾನೆ. ಮುಂದಿನ ಚುನಾವಣೆಯಲ್ಲಿ ಬ್ರಿಯಾಂಟ್ ಗೆಲ್ಲುತ್ತಾನೆ. ಚಿಕ್ಕವರಿಗೆಲ್ಲ ಅವನೇ ಅಚ್ಚುಮೆಚ್ಚು. ಸೋತ ಡೋನಿಫ್ಯಾನ್ ಮೂವರನ್ನು ಕರೆದುಕೊಂಡು ಬೇರೆ ಹೋಗುತ್ತಾನೆ, ಥೇಟ್ ಜ್ಯಾಕ್ ಹಾಗೆ. ಆದರೆ ಅಪಾಯ ಬಂದಾಗ ಬ್ರಿಯಾಂಟ್ ಅವನನ್ನು ಹುಡುಕಿಕೊಂಡು ಹೋಗಿ ಜಾಗ್ವಾರ್ ಬಾಯಿಂದ ಬಿಡಿಸುತ್ತಾನೆ. ಜಗಳ ಅಲ್ಲಿಗೆ ಮುಗಿಯುತ್ತದೆ. ಓದಲು ಹಿತ. ಆದರೆ ಮೋಕೋ ಅನ್ನುವ ಕಪ್ಪು ಹುಡುಗನಿಗೆ ಆ ದ್ವೀಪದಲ್ಲಿ ಓಟಿಲ್ಲ, ಅದನ್ನು ಲೇಖಕರು ಸಹಜ ಅನ್ನುವಂತೆ ದಾಟಿಬಿಡುತ್ತಾರೆ. ಎಣಿಸದೆ ಬಿಟ್ಟವರು ಅಲ್ಲೂ ಇದ್ದಾರೆ.

ಕಥೆಯಾಚೆ ನಡೆದದ್ದೂ ಇದೆ. 1965ರಲ್ಲಿ ಟೊಂಗಾ ದೇಶದ ಆರು ಶಾಲಾ ಹುಡುಗರು ದೋಣಿ ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ, ಎಂಟು ದಿನ ತೇಲಿ, ಅಟಾ ಅನ್ನುವ ಜನರಿಲ್ಲದ ದ್ವೀಪ ಸೇರಿದರು. ಸುಮಾರು 15 ತಿಂಗಳ ಮೇಲೆ, 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಅವರ ದೋಣಿಗೆ ಸಿಕ್ಕರು. ಆರೂ ಜನ ಬದುಕಿದ್ದರು. ಇಬ್ಬಿಬ್ಬರಂತೆ ಪಾಳಿ ಹಾಕಿಕೊಂಡು ತೋಟ, ಅಡುಗೆ, ಕಾವಲು ನೋಡಿಕೊಂಡಿದ್ದರು. ಹೊತ್ತಿಸಿದ ಬೆಂಕಿಯನ್ನು ಆರಲು ಬಿಟ್ಟಿರಲಿಲ್ಲ. ಜಗಳ ಆದರೆ ಇಬ್ಬರೂ ದ್ವೀಪದ ಬೇರೆ ಬೇರೆ ದಿಕ್ಕಿಗೆ ಹೋಗಿ ಕೋಪ ಇಳಿದ ಮೇಲೆ ಬರಬೇಕು, ಕ್ಷಮೆ ಕೇಳಬೇಕು. ಒಬ್ಬನ ಕಾಲು ಮುರಿದಾಗ ಕಡ್ಡಿ ಕಟ್ಟಿ ಮೂಳೆ ಕೂಡಿಸಿ, ಅವನ ಕೆಲಸವನ್ನು ಉಳಿದವರು ಹಂಚಿಕೊಂಡರು.

ಇದನ್ನು ತೋರಿಸಿ ಗೋಲ್ಡಿಂಗ್ ಬರೆದದ್ದು ಸುಳ್ಳು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಆರು ಜನ ಮೊದಲೇ ಗೆಳೆಯರು, ಸಮುದ್ರ ಬಲ್ಲವರು, ಜೊತೆಯಲ್ಲಿ ಆರು ವರ್ಷದ ಪುಟಾಣಿಗಳಿರಲಿಲ್ಲ. ಆರು ಜನರಲ್ಲಿ ಒಬ್ಬ ಕಾಣದಿದ್ದರೆ ಎಣಿಸದೆಯೇ ಗೊತ್ತಾಗುತ್ತದೆ.

ಪುಟಾಣಿಗಳಿದ್ದ ಉದಾಹರಣೆ ಕೊಲಂಬಿಯಾದ್ದು. 2023ರ ಮೇ 1ರಂದು ಅಮೆಜಾನ್ ಕಾಡಿನಲ್ಲಿ ಚಿಕ್ಕ ವಿಮಾನ ಬಿತ್ತು. ದೊಡ್ಡವರು ಮೂವರೂ ತೀರಿಕೊಂಡರು. ಉಳಿದದ್ದು ಆದಿವಾಸಿ ಕುಟುಂಬದ ನಾಲ್ಕು ಮಕ್ಕಳು. ದೊಡ್ಡವಳಿಗೆ 13 ವರ್ಷ. ಚಿಕ್ಕದು ಇನ್ನೂ ವರ್ಷ ತುಂಬದ ಕೂಸು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ತಿಂದು, ಕಾಡಿನ ಹಣ್ಣು ಹುಡುಕಿ, 40 ದಿನ ಕಳೆದರು. ಜೂನ್ 9ರಂದು ಸಿಕ್ಕಾಗ ನಾಲ್ವರಿಗೂ ಜೀವ ಇತ್ತು. ಆ ಹುಡುಗಿಯನ್ನು ಯಾರೂ ಆರಿಸಿರಲಿಲ್ಲ. ಮನೆಯಲ್ಲಿ ತಮ್ಮ ತಂಗಿಯರನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗಿದ ಅಕ್ಕಂದಿರನ್ನು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಕಂಡಿದ್ದೇವೆ. ಅವರಿಗೆ ನಾವು ಲೀಡರ್ ಅನ್ನುವ ಹೆಸರು ಕೊಡುವುದೇ ಇಲ್ಲ.

ಆರಿಸುವುದು ಹೇಗೆ?

‘ಯಾರು ಒಳ್ಳೆ ನಾಯಕ’ ಅಂತ ಕೇಳುವ ಮೊದಲು, ಆ ದ್ವೀಪದಲ್ಲಿ ನೀವು ಯಾರು ಅಂತ ಕೇಳಿಕೊಳ್ಳಿ.

ನೀವು ಹತ್ತು ಹನ್ನೊಂದರ ಗಟ್ಟಿ ಹುಡುಗ, ಹಡಗು ವಾರದೊಳಗೆ ಬರುತ್ತದೆ ಅಂತ ಗ್ಯಾರಂಟಿ ಇದ್ದರೆ, ಜ್ಯಾಕ್ ಜೊತೆ ಖುಷಿಯಾಗಿರುತ್ತೀರಿ. ವಾರ ತಿಂಗಳಾದರೆ ವಿಲ್‌ಫ್ರೆಡ್‌ನ ಜಾಗದಲ್ಲಿ ನೀವಿರಬಹುದು. ನಿಮಗೆ ಆರು ವರ್ಷವಾದರೆ ನಿಮ್ಮ ಓಟು ಸೈಮನ್‌ಗೆ, ಯಾಕೆಂದರೆ ನಿಮ್ಮ ಕೈಗೆ ಹಣ್ಣು ಕೊಟ್ಟವನು ಅವನು. ಉಬ್ಬಸ, ಕನ್ನಡಕ, ಕುಂಟು ಕಾಲು, ಬೇರೆ ಭಾಷೆಯ ಉಚ್ಚಾರ, ಇಂಥದ್ದೇನಾದರೂ ನಿಮಗಿದ್ದರೆ ರಾಲ್ಫ್ ಬಿಟ್ಟರೆ ಬೇರೆ ಆಸರೆ ಇಲ್ಲ. ಅವನು ಒಂದೆರಡು ಸಲ ನಿಮ್ಮನ್ನು ನೋಯಿಸುತ್ತಾನೆ. ಆದರೆ ಶಂಖ ನಿಮ್ಮ ಕೈಗೆ ಬಂದಾಗ ಮಾತಾಡಲು ಬಿಡುತ್ತಾನೆ. ಪಿಗ್ಗಿಗೆ ಇದು ಗೊತ್ತಿತ್ತು. ನಾಯಕತ್ವ ಬಿಡುತ್ತೇನೆ ಅಂತ ರಾಲ್ಫ್ ಅಂದಾಗ, ನೀನು ಬಿಟ್ಟರೆ ನನ್ನ ಗತಿ ಏನು ಅಂತ ಅವನು ಕೇಳುವುದು ಅದಕ್ಕೇ. ಓಟಿನ ದಿನ ಎಲ್ಲರಿಗಿಂತ ಕೊನೆಗೆ, ಮನಸ್ಸಿಲ್ಲದೆ ಎದ್ದ ಕೈ ಅವನದೇ ಆಗಿತ್ತು.

ಪರೀಕ್ಷೆಗೆ ಬರೆಯುವವರು ರಾಲ್ಫ್ ಒಳ್ಳೆಯವ, ಜ್ಯಾಕ್ ಕೆಟ್ಟವ ಅಂತ ಎರಡು ಪಟ್ಟಿ ಮಾಡಬೇಡಿ. ಒಂದೇ ಘಟನೆ ಹಿಡಿಯಿರಿ, ಬೆಂಕಿ ಆರಿದ ದಿನವನ್ನೇ ತಗೊಳ್ಳಿ. ಆ ದಿನ ನಾಲ್ವರೂ ಏನೇನು ಮಾಡಿದರು ಅಂತ ಬರೆಯಿರಿ. ನಾಲ್ವರ ಸ್ವಭಾವವೂ ಅದರಲ್ಲೇ ಸಿಗುತ್ತದೆ. ಸ್ವಂತ ಕಥೆ ಬರೆಯುವವರಿಗೆ ನನ್ನ ಕೋರಿಕೆ ಒಂದೇ. ಆ ಬಸ್ಸಿನ ಹಿಂದಿನ ಸೀಟಿನ ಹುಡುಗಿಯಂಥ ಒಬ್ಬಳನ್ನು ನಿಮ್ಮ ದ್ವೀಪಕ್ಕೆ ಕಳಿಸಿ, ಏನಾಗುತ್ತದೆ ನೋಡಿ.

ನನ್ನ ಚೀಟಿ? ರಾಲ್ಫ್. ಆದರೆ ಷರತ್ತಿದೆ. ದಿನಾ ಬೆಳಿಗ್ಗೆ ಸಂಜೆ ಶಂಖ ಊದಿದ ಮೇಲೆ ಮೊದಲ ಮಾತು ಪಿಗ್ಗಿಯದು. ಅವನು ಒಬ್ಬೊಬ್ಬರ ಹೆಸರೂ ಕರೆಯಬೇಕು, ಎಲ್ಲರೂ ‘ಇದ್ದೇನೆ’ ಅನ್ನಬೇಕು. ಅದು ಮುಗಿಯುವವರೆಗೆ ಬೇಟೆಯೂ ಇಲ್ಲ, ಆಟವೂ ಇಲ್ಲ. ಓಡಾಡುವ ಪುಟಾಣಿಗಳನ್ನು ಕೂರಿಸುವುದು ಜ್ಯಾಕ್‌ನ ಹಾಡುಗಾರರ ಕೆಲಸ. ಸಾಲಿನಲ್ಲಿ ನಿಲ್ಲುವುದು ಅವರಿಗೆ ಚೆನ್ನಾಗಿ ಗೊತ್ತು.

ಕೊನೆಯ ಅಧ್ಯಾಯ ತೆಗೆದು ಇನ್ನೊಮ್ಮೆ ಓದಿ. ದ್ವೀಪ ಉರಿಯುತ್ತಿದೆ. ನೌಕಾಪಡೆಯ ಅಧಿಕಾರಿ ಮರಳಿನ ಮೇಲೆ ನಿಂತಿದ್ದಾನೆ. ಇಲ್ಲಿ ನಾಯಕ ಯಾರು ಅಂದರೆ ರಾಲ್ಫ್ ಜೋರಾಗಿ ‘ನಾನು’ ಅನ್ನುತ್ತಾನೆ. ಜ್ಯಾಕ್ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಡುತ್ತಾನೆ. ನೀವು ಎಷ್ಟು ಜನ ಇದ್ದೀರಿ ಅಂದರೆ ರಾಲ್ಫ್‌ಗೆ ಗೊತ್ತಿಲ್ಲ. ಅದಕ್ಕೂ ಮೊದಲು, ಯಾರಾದರೂ ಸತ್ತಿದ್ದಾರಾ ಅಂತ ಕೇಳಿದಾಗ, ಇಬ್ಬರು ಅಂದಿರುತ್ತಾನೆ. ಸೈಮನ್, ಪಿಗ್ಗಿ. ಮಚ್ಚೆಯ ಹುಡುಗ ಆ ಲೆಕ್ಕದಲ್ಲಿಲ್ಲ.

ಅಷ್ಟರಲ್ಲಿ ಒಬ್ಬ ಪುಟಾಣಿ ಅಧಿಕಾರಿಯ ಹತ್ತಿರ ಬರುತ್ತಾನೆ. ಪರ್ಸಿವಲ್. ಮೊದಲು ಪೂರ್ತಿ ಹೆಸರು, ಮನೆ, ಊರು ಎಲ್ಲ ಮಂತ್ರದ ಹಾಗೆ ಒಪ್ಪಿಸುತ್ತಿದ್ದ ಹುಡುಗ. ‘ನಾನು... ನಾನು...’ ಅನ್ನುತ್ತಾನೆ. ಮುಂದಿನದು ಬಾಯಿಗೆ ಬರುವುದಿಲ್ಲ.